ಬೇಲಿ ಪಕ್ಕದ ಎರಡು ಸಾಲು

9 ಜನವರಿ, ಗುರುವಾರ

ಐದೂವರೆಗೆ ಎದ್ದೆ. ಸೌದೆ ಇಬ್ಬನಿಗೆ ನೆನೆದು ಒಲೆ ಹತ್ತಲು ಅರ್ಧ ಗಂಟೆ. ಕಣ್ಣೆಲ್ಲ ಉರಿ. ಕಾಫಿ ಬಾಯಿಗೆ ಬೀಳುವಾಗ ಆರೂಕಾಲು. ಗ್ಯಾಸ್ ಬೇಡ ಎಂದವಳು ನಾನೇ, ಯಾರನ್ನು ಬೈಯಲಿ.

ಚಟ್ನಿ ರುಬ್ಬಿದೆ. ಈ ರುಬ್ಬುಗುಂಡು ಪಕ್ಕದ ಮನೆ ಚಿನ್ನಮ್ಮನದು. ಅವರು ಮಿಕ್ಸಿ ತಂದ ಮೇಲೆ ಹಿತ್ತಲಲ್ಲಿ ಮಗುಚಿ ಬಿದ್ದಿತ್ತು. ಕೇಳಿದ್ದಕ್ಕೆ ನಕ್ಕಿದ್ದಳು. "ತಗೊಂಡೋಗಿ ಮೇಡಮ್ಮೋರೆ. ಮೂವತ್ತು ವರ್ಷ ನನ್ ರಟ್ಟೆ ತಿಂದೈತೆ. ಇನ್ನ ನಿಮ್ದು ತಿನ್ಲಿ."

ಕೈಲಾಂಚದ ಈ ಒಂದೆಕರೆಗೆ ಬಂದು ಒಂದು ವರ್ಷ ನಾಲ್ಕು ತಿಂಗಳು. ಇನ್ಶೂರೆನ್ಸ್ ಆಫೀಸು ಬಿಟ್ಟದ್ದಕ್ಕೆ ಒಂದು ದಿನವೂ ಬೇಜಾರಾಗಿಲ್ಲ. ಮಣ್ಣಿನ ಗೋಡೆ, ಸೌದೆ ಒಲೆ. ಫ್ರಿಜ್ ಇಲ್ಲ, ಟಿವಿ ಇಲ್ಲ. ತಮ್ಮ ಮಹೇಂದ್ರ ಫೋನ್ ಮಾಡಿದಾಗಲೆಲ್ಲ ಅದೇ ಮಾತು — "ರಿಟರ್ನ್ ಟಿಕೆಟ್ ಇಟ್ಟುಕೊಂಡು ಮಾಡೋ ವನವಾಸ ಅಕ್ಕ ನಿಂದು." ಜಯನಗರದ ಫ್ಲಾಟ್ ಬಾಡಿಗೆಗೆ ಕೊಟ್ಟಿದ್ದೇನೆ, ಪೆನ್ಷನ್ ಬರುತ್ತದೆ, ಅದಕ್ಕೆ. ಇವತ್ತೂ ಅಂದ. ಫೋನ್ ಇಟ್ಟುಬಿಟ್ಟೆ.

ಚಿನ್ನಮ್ಮನ ಮನೆ ನಾಡಹೆಂಚಿನದು. ಈ ಸಲದ ರೇಷ್ಮೆ ಕೈಗೆ ಬಂದರೆ ಹೆಂಚು ಇಳಿಸಿ ಕಾಂಕ್ರೀಟ್ ಮೌಲ್ಡ್ ಹಾಕಿಸುತ್ತಾರಂತೆ. ಆ ಹೆಂಚು ನನಗೇ ಎಂದು ಹೇಳಿಟ್ಟಿದ್ದೇನೆ. ನನ್ನ ಪಡಸಾಲೆಯ ಶೀಟು ತೆಗೆದು ಅದನ್ನು ಹೊದೆಸಬೇಕು. "ನಮ್ಗೆ ಬ್ಯಾಡಾಗಿದ್ದೆಲ್ಲ ನಿಮ್ಗೆ ಬೇಕು" ಎಂದಳು ಚಿನ್ನಮ್ಮ. "ಒಸಿ ತಡೀರಿ, ಹೆಂಚಿನ ಜತೆಗೆ ಇಲಿಗಳ್ನೂ ಕೊಟ್ಬುಡ್ತೀನಿ."

12 ಜನವರಿ, ಭಾನುವಾರ

ಪಕ್ಕದ ಮನೆಗೆ ರೇಷ್ಮೆ ಹುಳ ಬಂದವು. ರಾಮನಗರದಿಂದ ಇದ್ರೀಸ್ ತನ್ನ ಟೆಂಪೋದಲ್ಲಿ ತಂದರು. ಮೊಟ್ಟೆಯೊಡೆದ ಮರಿಗಳನ್ನು ಒಂದು ವಾರ ಸಾಕಿ ರೈತರಿಗೆ ಕೊಡುವುದು ಅವರ ಕಸುಬು. ಹದಿನೈದು ವರ್ಷದಿಂದ ಈ ಮನೆಗೆ ಅವರದೇ ಹುಳ.

ಇನ್ನು ಇಪ್ಪತ್ತು ದಿನ ಒಳಮನೆ ಹುಳಕ್ಕೆ. ಮನೆಯವರಿಗೆ ಜಗಲಿ. ಚಿನ್ನಮ್ಮ, ಮಗ ಪ್ರಕಾಶ, ಸೊಸೆ ಭಾನುಪ್ರಿಯ — ಮೂವರೂ ಚಾಪೆ ಹೊರಗೆ ತಂದು ಹಾಕಿದರು. ಈ ಚಳಿಯಲ್ಲಿ. ಪ್ರಕಾಶ ಬಿಡದಿಯಲ್ಲಿ ಕಾಂಟ್ರಾಕ್ಟ್ ಕೆಲಸಕ್ಕೆ ಹೋಗುತ್ತಾನೆ, ಶಿಫ್ಟು ಮುಗಿಸಿ ಬಂದು ಜಗಲಿಯಲ್ಲಿ ಮುದುರಿಕೊಳ್ಳುತ್ತಾನೆ.

ಚಿನ್ನಮ್ಮ ಬೇಲಿ ಹತ್ತಿರ ಬಂದಳು. ಬಾಯಲ್ಲಿ ಎಲೆ ಅಡಿಕೆ ಹೊಗೆಸೊಪ್ಪು, ಸೊಂಟದಲ್ಲಿ ಸಂಚಿ. ಒಳಗೆ ಹೋಗುವ ಮುಂಚೆ ಬಾಯಿ ತೊಳೆದು, ಕೈಗೆ ಬೂದಿ ಹಾಕಿ ಉಜ್ಜಿ, ಸಂಚಿಯನ್ನು ಹೊರಗೆ ಗೂಟಕ್ಕೆ ನೇತುಹಾಕಿಯೇ ಹೋಗುತ್ತಾಳೆ. ಎಷ್ಟು ಸಲ ನೋಡಿದ್ದೇನೆ.

"ಮೇಡಮ್ಮೋರೆ, ನಿಮ್ ಗಿಡಕ್ಕೆ ಏನಾದ್ರೂ ಹೊಡಿಯೋದಿದ್ರೆ ಒಂದ್ ಮಾತು ಹೇಳಿ. ಬೇಲಿ ಪಕ್ಕದಲ್ಲೇ ನಮ್ ಹುಳದ್ ಸೊಪ್ಪು."

"ನಾನು ವಿಷ ಮುಟ್ಟುವುದಿಲ್ಲ, ಗೊತ್ತಲ್ಲ ನಿನಗೆ" ಎಂದೆ. ಸ್ವಲ್ಪ ಬಿರುಸಾಗಿಯೇ ಬಂತು.

"ಗೊತ್ತು ಬುಡಿ. ಸುಮ್ಕೆ ಅಂದೆ."

15 ಜನವರಿ

ನಿನ್ನೆ ಸಂಕ್ರಾಂತಿ. ಭಾನು ಎಳ್ಳು ಬೆಲ್ಲ ತಂದುಕೊಟ್ಟಳು. ಅವರ ಹುಳಕ್ಕೆ ಹಬ್ಬವಿಲ್ಲ, ಮೂರು ಹೊತ್ತೂ ಸೊಪ್ಪು.

ನನ್ನ ಅವರೆಗೆ ಕಾಯಿಕೊರಕ ಬಿದ್ದಿದೆ. ಹಸಿರು ಹುಳ. ಕೈಯಲ್ಲಿ ಆಯ್ದು ಬೇಲಿಯಾಚೆ ಪೊದೆಗೆ ಬಿಟ್ಟುಬಂದೆ. ಚಿನ್ನಮ್ಮ ನೋಡಿ ಬಾಯಿ ಮೇಲೆ ಸೆರಗಿಟ್ಟುಕೊಂಡಳು.

20 ಜನವರಿ, ಸೋಮವಾರ

ಅವರೆ ಅರ್ಧ ಹೋಯಿತು. ಆಯ್ದಷ್ಟೂ ಹುಳ. ಸಿಟ್ಟು ಬರುತ್ತಿದೆ. ಹೋದ ತಿಂಗಳು 'ಸರಳ ಬದುಕು' ಗ್ರೂಪಿನಲ್ಲಿ ಹೂವಿನ ಫೋಟೋ ಹಾಕಿ ಸೊಗಡವರೆ ಕೊಡುತ್ತೇನೆ ಎಂದು ಇಪ್ಪತ್ತು ಜನಕ್ಕೆ ಮಾತು ಕೊಟ್ಟಿದ್ದೇನೆ.

ಗ್ರೂಪಿನಲ್ಲೇ ಯಾರೋ ಕಷಾಯದ ವಿಧಾನ ಕಳಿಸಿದರು. ಬೇವಿನ ಸೊಪ್ಪು, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಕಾಲು ಕೆಜಿ ಹೊಗೆಸೊಪ್ಪು, ಗಂಜಲ. ನಾಲ್ಕು ಕುದಿ. ಎಲ್ಲ ನೈಸರ್ಗಿಕ. ಗಂಜಲ ಚಿನ್ನಮ್ಮನ ಹಸುವಿನದೇ. ಹೊಗೆಸೊಪ್ಪು ರಾಮನಗರದ ಅಂಗಡಿಯಲ್ಲಿ ತಂದೆ. ಬಸ್ಸಲ್ಲಿ ಪಕ್ಕದವರು ಮೂಗು ಮುಚ್ಚಿಕೊಂಡರು.

22 ಜನವರಿ, ಬುಧವಾರ

ಹುಳಕ್ಕೆ ನಾಲ್ಕನೇ ಜ್ವರ. ಪೊರೆ ಬಿಡುವುದಕ್ಕೆ ಇಲ್ಲಿಯವರು ಜ್ವರ ಎನ್ನುತ್ತಾರೆ. ತಲೆಯೆತ್ತಿ ಅಲ್ಲಾಡದೆ ಕೂತುಬಿಡುತ್ತವಂತೆ, ಒಂದು ದಿನ ಏನೂ ತಿನ್ನುವುದಿಲ್ಲ. ಮನೆಯವರಿಗೂ ಆ ಒಂದೇ ದಿನ ಬಿಡುವು. ಮೂವರೂ ಬೆಳಿಗ್ಗೆಯೇ ಮಾಗಡಿಗೆ ಹೋದರು, ಚಿನ್ನಮ್ಮನ ಅಣ್ಣನ ಮಗನ ಗೃಹಪ್ರವೇಶ. "ಅವ್ರು ಮೌಲ್ಡ್ ಹೆಂಗ್ ಹಾಕ್ಸವ್ರೆ ನೋಡ್ಕಂಡ್ ಬತ್ತೀನಿ" ಎಂದು ಹೊಸ ಸೀರೆ ಉಟ್ಟು ಹೊರಟಳು.

ಮನೆ ಖಾಲಿ ಇದ್ದದ್ದು ಒಳ್ಳೆಯದೇ ಆಯಿತು. ಏನು ಹೊಡೀತೀರಿ, ಯಾಕೆ ಹೊಡೀತೀರಿ ಎನ್ನುವವರಿಲ್ಲ. ಹತ್ತು ಗಂಟೆಗೆ ಪಂಪು ಬೆನ್ನಿಗೆ ಹಾಕಿ ಅವರೆಗೆಲ್ಲ ಕಷಾಯ ಹೊಡೆದೆ. ಕೊನೆಯ ಸಾಲಿಗೆ ಬರುವಾಗ ಗಾಳಿ ಎದ್ದಿತು. ಬೇಲಿಯಾಚೆಯ ಹಿಪ್ಪುನೇರಳೆ ಎಲೆ ಒದ್ದೆಯಾಗಿ ಹೊಳೆಯಿತು. ಎರಡು ಸಾಲು ಇರಬಹುದು. ನೋಡಿದೆ. ಅವಕ್ಕೂ ಒಳ್ಳೆಯದೇ ಬಿಡು ಎಂದುಕೊಂಡೆ.

ಪಂಪಿನ ಜೊತೆ ಸೆಲ್ಫಿ. 'ವಿಷಮುಕ್ತ ಅವರೆ' ಎಂದು ಗ್ರೂಪಿಗೆ ಹಾಕಿದೆ. ಎಪ್ಪತ್ತಮೂರು ಲೈಕ್.

24 ಜನವರಿ, ಶುಕ್ರವಾರ, ಸಂಜೆ

ಬರೆದರೆ ಸರಿಹೋದೀತು.

ಬೆಳಿಗ್ಗೆ ಏಳಕ್ಕೆ ಭಾನು ಕೂಗಿದಳು. ಓಡಿದೆ. ಒಳಮನೆಗೆ ಹೊರಗಿನವರು ಹೋಗಬಾರದು, ಬಾಗಿಲಲ್ಲೇ ನಿಂತೆ. ನಿನ್ನೆ ಮಧ್ಯಾಹ್ನ ಜ್ವರ ಬಿಟ್ಟು ಎದ್ದ ಹುಳ, ಹಸಿದಿದ್ದವು. ಮಾಗಡಿಯಿಂದ ಬಂದ ಆಯಾಸಕ್ಕೆ ಚಿನ್ನಮ್ಮ ದೂರದ ಮೇಲಿನ ಹೊಲಕ್ಕೆ ಹೋಗಲಾರದೆ ಹತ್ತಿರದ ಬೇಲಿ ಪಕ್ಕದ ಸಾಲಿನಿಂದಲೇ ಸೊಪ್ಪು ಕೊಯ್ದು ಹಾಕಿದ್ದಾಳೆ. ಈಗ ತಟ್ಟೆಗಟ್ಟಲೆ ಹುಳ ತಲೆಯೆತ್ತಿ ಒದ್ದಾಡುತ್ತಿವೆ. ಬಾಯಿಂದ ಕಂದು ನೀರು.

ಹತ್ತಕ್ಕೆ ಇದ್ರೀಸ್ ಬಂದರು. ಒಂದು ಹುಳವನ್ನು ಅಂಗೈ ಮೇಲೆ ಇಟ್ಟುಕೊಂಡು ತುಂಬ ಹೊತ್ತು ನೋಡಿದರು. "ರೋಗ ಅಲ್ಲ ಚಿನ್ನಮ್ಮಕ್ಕ. ಎದೆ ಊದೈತೆ ನೋಡಿ. ಇದು ಹೊಗೆಸೊಪ್ಪಿನ ವಿಷ. ಬೀಡಿ ಸೇದಿ ಬಂದು ಸೊಪ್ಪು ಮುಟ್ಟುದ್ರೂ ತಡಿಯಾಕಿಲ್ಲ ಇವು."

ಭಾನು ಮೆಲ್ಲಗೆ ಅಂದಳು, "ಸೊಪ್ಪು ಏನೋ ಘಾಟು ಹೊಡೀತಿತ್ತು. ನಾನೇ ಅಂದ್ಕಂಡೆ, ಅತ್ತೆ ಕೈದೇನೋ ಅಂತ."

ಎಲ್ಲರೂ ಗೂಟದಲ್ಲಿದ್ದ ಸಂಚಿ ನೋಡಿದರು. ಚಿನ್ನಮ್ಮನೂ ನೋಡಿದಳು.

ಆದರೂ ಇದ್ರೀಸ್ ಕೇಳಿದರು. "ಪಕ್ಕದಲ್ಲಿ ಯಾರಾದ್ರೂ ಏನಾದ್ರೂ ಹೊಡ್ದಿದ್ರಾ?" ನನ್ನ ಕಡೆ ತಿರುಗಿಯೇ ಕೇಳಿದರು. ನಾನು ಬಾಯಿ ತೆರೆಯುವ ಮುಂಚೆ ಚಿನ್ನಮ್ಮ ಅಂದಳು, "ಅವ್ರನ್ನೇನ್ ಕೇಳ್ತೀಯ ಇದ್ರೀಸಣ್ಣ. ಅವ್ರು ವಿಷ ಮುಟ್ಟೋರಲ್ಲ. ಗಿಡದ ಹುಳಾನೂ ಕೈಯಲ್ಲಿ ಆಯ್ದು ಪೊದೇಲಿ ಬುಡ್ತಾರೆ."

ಬಾಯಿ ಮುಚ್ಚಿಕೊಂಡೆ.

ಬಾಯಿ ಮುಚ್ಚಿಕೊಂಡೆ, ಅಷ್ಟೇ. ಇದಕ್ಕಿಂತ ಬೇರೆ ರೀತಿ ಬರೆಯಲು ಬರುವುದಿಲ್ಲ.

25 ಜನವರಿ

ಹಿತ್ತಲಲ್ಲಿ ಗುಂಡಿ ತೋಡಿ ಸುಣ್ಣ ಹಾಕಿ ಹುಳ ಮುಚ್ಚಿದರು. ಅರ್ಧಕ್ಕಿಂತ ಹೆಚ್ಚು. ಉಳಿದವು ಬದುಕಿದರೂ ಗೂಡು ಪೊಳ್ಳು ಎಂದರು ಇದ್ರೀಸ್.

ಮಿಕ್ಕಿದ ಕಷಾಯ ತಿಪ್ಪೆ ಹಿಂದೆ ಚೆಲ್ಲಿದೆ. ಪಂಪು ತೊಳೆದು ಅಟ್ಟಕ್ಕೆ ಹಾಕಿದೆ. ಯಾಕೆ ಹಾಕಿದೆ? ಯಾರಾದರೂ ಹುಡುಕಿಕೊಂಡು ಬರುತ್ತಾರೆಂದೇ?

27 ಜನವರಿ, ಸೋಮವಾರ

ಪ್ರಕಾಶ ಒಳ್ಳೆಯ ಹುಡುಗ. ತಾಯಿಗೆ ಎದುರಾಡಿದ್ದು ನಾನು ನೋಡಿಲ್ಲ. ಇವತ್ತು ಬೇಲಿಯಾಚೆಯಿಂದ ಕೇಳಿಸಿತು.

"ಎಷ್ಟ್ ಸಲ ಅಂದೆ ಕಣವ್ವ, ಬುಟ್ಬುಡು ಅದುನ್ನ ಅಂತ. ಆ ದರಿದ್ರುದ್ ಸೊಪ್ಪಿಗೆ ಮನೇನೇ ಹೋಯ್ತಲ್ಲ."

"ಕೈ ತೊಳ್ದಿದ್ದೆ ಕಣೋ ಮಗ."

"ಏನ್ ತೊಳ್ದಿದ್ದೆ. ನಾಳೆಯಿಂದ ಹುಳದ್ ಮನೆಗೆ ಕಾಲಿಡ್ಬ್ಯಾಡ. ಭಾನು ನೋಡ್ಕತಾಳೆ."

ಗೂಟದ ಸಂಚಿ ಕಿತ್ತು ತಿಪ್ಪೆಗೆ ಎಸೆದ. ಚಿನ್ನಮ್ಮ, ಆ ಹುಳದ ಮನೆಯನ್ನು ನಲವತ್ತು ವರ್ಷ ನೋಡಿಕೊಂಡವಳು. ಕತ್ತಲಲ್ಲಿ ಮುಟ್ಟಿ, ಹುಳಕ್ಕೆ ಹಸಿವೋ ಜ್ವರವೋ ಎಂದು ಹೇಳುವವಳು. ಜಗಲಿ ಅಂಚಿನಲ್ಲಿ ಕೂತು ಕೈ ನೋಡಿಕೊಳ್ಳುತ್ತಿದ್ದಳು.

ಅವರೆಲ್ಲ ಒಳಗೆ ಹೋದ ಮೇಲೆ ತಿಪ್ಪೆಯಿಂದ ಸಂಚಿ ಎತ್ತಿಕೊಂಡು ಬಂದೆ. ತೊಳೆದು ಒಣಗಿಸಿದ್ದೇನೆ. ಕಸೂತಿ ಹಾಕಿದ ಹಳೇ ಸಂಚಿ, ಅವಳ ತಾಯಿಯದಿರಬೇಕು. ಕಪಾಟಿನಲ್ಲಿ ನನ್ನ ಪಾಸ್‌ಬುಕ್ ಪಕ್ಕ ಇಟ್ಟೆ.

29 ಜನವರಿ

ಗ್ರೂಪಿನಿಂದ ಪಂಪಿನ ಫೋಟೋ ಅಳಿಸಿದೆ. ಇಷ್ಟು ದಿನ ಆದ ಮೇಲೆ ನನ್ನ ಫೋನಿಂದ ಹೋಯಿತೇ ಹೊರತು ಮಿಕ್ಕವರದರಿಂದ ಹೋಗುವುದಿಲ್ಲ. ಚನ್ನಪಟ್ಟಣದವರೊಬ್ಬರು ಕೇಳಿದ್ದಾರೆ, ಕಷಾಯ ಫಲ ಕೊಟ್ಟಿತೇ ಎಂದು. ಕೊಟ್ಟಿತು ಎಂದು ಬರೆದೆ. ಸುಳ್ಳಲ್ಲ. ಅವರೆಯ ಹುಳ ಒಂದೂ ಉಳಿದಿಲ್ಲ.

ಆಮೇಲೆ ಹೊಳೆಯಿತು, ಅವರ ಊರಿನಲ್ಲೂ ರೇಷ್ಮೆ ಇರಬಹುದು. ರೇಷ್ಮೆ ಸೊಪ್ಪಿನ ಹತ್ತಿರ ಹೊಡೆಯಬೇಡಿ ಎಂದು ಇನ್ನೊಂದು ಸಾಲು ಸೇರಿಸಿದೆ. 'ನಿಮಗೆ ಹೇಗೆ ಗೊತ್ತಾಯಿತು ಮೇಡಂ?' ಎಂದು ಕೇಳಿದ್ದಾರೆ.

3 ಫೆಬ್ರವರಿ, ಸೋಮವಾರ

ಉಳಿದ ಹುಳ ಗೂಡು ಕಟ್ಟಿದವು. ಪ್ರಕಾಶ ಒಂದೇ ಚೀಲ ಹೊತ್ತು ಮಾರ್ಕೆಟ್ಟಿಗೆ ಹೋದ. ಹೋದ ಸಲ ಐದು ಚೀಲ, ಆಟೋ ಮಾಡಿಕೊಂಡು ಹೋಗಿದ್ದ.

ಮಧ್ಯಾಹ್ನ ಅವರ ಮನೆಗೆ ಹೋದೆ. ಭಾನು ಉಣ್ಣುತ್ತಿದ್ದಳು. ಮುದ್ದೆ, ಉಪ್ಪೆಸರು. ಕಾಳಿಲ್ಲ, ಸೊಪ್ಪು ಬೇಯಿಸಿದ ನೀರಷ್ಟೇ. ಹೋದ ತಿಂಗಳು ನಾನೂ ಅದನ್ನೇ ಮಾಡಿ, ಬಾಳೆಲೆಯಲ್ಲಿ ಇಟ್ಟು ಫೋಟೋ ತೆಗೆದು, 'ಇದಕ್ಕಿಂತ ಇನ್ನೇನು ಬೇಕು' ಎಂದು ಬರೆದಿದ್ದೆ. ಬೇಕೆಂದಾಗ ಇನ್ನೇನಾದರೂ ತಿನ್ನಬಲ್ಲವಳು ಬರೆಯುವ ಮಾತು ಅದು.

ಹೆಂಚಿಗೆ ಅಡ್ವಾನ್ಸ್ ಎಂದು ದುಡ್ಡು ಚಾಚಿದೆ. ಚಿನ್ನಮ್ಮ ಮುಟ್ಟಲಿಲ್ಲ. "ಮೌಲ್ಡೇ ಇಲ್ದ ಮ್ಯಾಲೆ ಹೆಂಚೆಲ್ಲಿ ಇಳಿಸ್ತೀವಿ. ಇಟ್ಕಳಿ ಮೇಡಮ್ಮೋರೆ. ನನ್ ತಪ್ಪಿಗೆ ನೀವ್ಯಾಕೆ ದುಡ್ಡು ಕೊಡ್ಬೇಕು?"

ಹೊಗೆಸೊಪ್ಪು ಬಿಟ್ಟು ವಾರವಾಯಿತು. ತಲೆಗೆ ಬಟ್ಟೆ ಬಿಗಿದು ಕಟ್ಟಿಕೊಂಡಿದ್ದಳು, ತಲೆಸಿಡಿತ. ನನಗಿಂತ ಎಂಟು ವರ್ಷ ದೊಡ್ಡವಳು. ಅವಳು ನನ್ನನ್ನು ನೀವು ಎನ್ನುತ್ತಾಳೆ, ನಾನು ಅವಳನ್ನು ನೀನು ಎನ್ನುತ್ತೇನೆ. ಒಂದೂವರೆ ವರ್ಷದಲ್ಲಿ ಇವತ್ತೇ ಮೊದಲ ಸಲ ಗಮನಿಸಿದ್ದು.

9 ಫೆಬ್ರವರಿ, ಭಾನುವಾರ. ಬೆಂಗಳೂರು

ಮಹೇಂದ್ರನ ಮನೆ. ಬಂದು ಮೂರು ದಿನ. ಹಲ್ಲುನೋವು ಎಂದು ಸುಳ್ಳು ಹೇಳಿ ಬಂದೆ.

ಬಿಸಿನೀರು ನಲ್ಲಿಯಲ್ಲೇ ಬರುತ್ತದೆ. ಫ್ರಿಜ್ಜಿನಲ್ಲಿ ಮೊಸರು. ಮೆತ್ತನೆ ಹಾಸಿಗೆ. ಚೆನ್ನಾಗಿ ನಿದ್ದೆ ಬಂತು. ಅದೇ ನಾಚಿಕೆ.

ಮಹೇಂದ್ರನಿಗೆ ಹೇಳಿದೆ. ಒಬ್ಬರಿಗಾದರೂ ಹೇಳಬೇಕಿತ್ತು. ಅವನು ಕಾಫಿ ಕುಡಿಯುತ್ತ, "ಹೇಳಬೇಡ. ಏನೋ ಒಂದು ನೆಪದಲ್ಲಿ ದುಡ್ಡು ಕೊಟ್ಟುಬಿಡು. ಅವರಿಗೂ ಒಳ್ಳೇದು, ನಿನಗೂ ಒಳ್ಳೇದು" ಎಂದ.

"ಅವಳು ತನ್ನ ಕೈಯಿಂದಲೇ ಆಯಿತು ಅಂದುಕೊಂಡಿದ್ದಾಳೆ ಕಣೋ."

"ಅಂದುಕೊಳ್ಳಲಿ ಅಕ್ಕ. ಮರೀತಾರೆ."

ಅವನ ಮೇಲೆ ಸಿಟ್ಟು ಬಂತು. ಆದರೆ ಹದಿನಾರು ದಿನದಿಂದ ನಾನು ಅವನು ಹೇಳಿದ್ದನ್ನೇ ತಾನೇ ಮಾಡುತ್ತಿರುವುದು.

12 ಫೆಬ್ರವರಿ, ಬುಧವಾರ

ವಾಪಸ್. ಪಕ್ಕದಲ್ಲಿ ಒಳಮನೆಗೆ ಬ್ಲೀಚಿಂಗ್ ಪೌಡರ್ ಹೊಡೆದು ತೊಳೆದಿದ್ದಾರೆ. ಮೇಲಿನ ಹೊಲದ ಸೊಪ್ಪು ಕೊಯ್ಲಿಗೆ ಬಂದಿದೆ. ಇದ್ರೀಸ್ ಸಾಲದ ಮೇಲೆ ಹುಳ ಕೊಡಲು ಒಪ್ಪಿದರಂತೆ, ಶುಕ್ರವಾರ ತರುತ್ತಾರೆ.

ಸಂಜೆ ಚಿನ್ನಮ್ಮ ಬಂದಳು. ಅಂಗಳದಲ್ಲೇ ನಿಂತಳು. ನನ್ನ ಹಲ್ಲುನೋವು ವಿಚಾರಿಸಿದಳು. ಆಮೇಲೆ, ತುಂಬ ಹೊತ್ತು ಏನೇನೋ ಮಾತಾಡಿ ಆದ ಮೇಲೆ —

"ನೀವು ಓದ್ದೋರು. ಒಂದ್ ಮಾತು ಕೇಳ್ಲಾ. ಕೈಯಿಂದ ವಾಸ್ನೆ ಪೂರ್ತಿ ಹೋಗಂಗೆ ಏನಾದ್ರೂ ಸೋಪು ಐತಾ? ಬೂದಿ ಆಯ್ತು, ಹುಣಸೇಹಣ್ಣಾಯ್ತು, ನಿಂಬೇಹಣ್ಣಾಯ್ತು. ಶುಕ್ರವಾರ ಹುಳ ಬತ್ತವೆ. ಒಳೀಕೆ ಬ್ಯಾಡ ಅಂದವ್ನೆ ಮಗ. ಸೊಪ್ಪಾದ್ರೂ ಮುಟ್ಬೋದಾ ಅಂತ."

ಎರಡೂ ಅಂಗೈ ನನ್ನ ಮುಂದೆ ಚಾಚಿದಳು. ಉಜ್ಜಿ ಉಜ್ಜಿ ಬೆರಳ ಸಂದಿಯಲ್ಲಿ ಚರ್ಮ ಬಿರಿದಿತ್ತು. "ಒಸಿ ಮೂಸಿ ನೋಡಿ" ಎಂದಳು.

ಮೂಸಿದೆ. ನಿಂಬೆಹಣ್ಣಿನ ವಾಸನೆ.

ಆಗಲೇ ಹೇಳಬೇಕಿತ್ತು. ಅದಕ್ಕಿಂತ ಒಳ್ಳೆಯ ಹೊತ್ತು ಇನ್ನೊಂದು ಸಿಗುವುದಿಲ್ಲ. ನಾನು ಒಳಗೆ ಹೋಗಿ, ನಾನೇ ಮಾಡಿದ ಬೇವಿನ ಸೋಪು ತಂದು ಕೊಟ್ಟೆ. ಸೋಪು ಕೊಟ್ಟೆ. ಅವಳು ಕಣ್ಣಿಗೊತ್ತಿಕೊಂಡು ತೆಗೆದುಕೊಂಡು ಹೋದಳು.

ಇಂಥ ಹೆಂಗಸು ನಾನು ಎಂದು ಗೊತ್ತಿರಲಿಲ್ಲ.

13 ಫೆಬ್ರವರಿ, ಗುರುವಾರ

ಹೇಳಿದೆ.

ಬೆಳಿಗ್ಗೆ ಒಲೆ ಹಚ್ಚಲಿಲ್ಲ. ಕಾಫಿ ಇಲ್ಲ. ಹೊಟ್ಟೆ ತುಂಬಿದರೆ ಧೈರ್ಯ ಕರಗುತ್ತದೆ ಎನಿಸಿತು. ಕಪಾಟಿನಿಂದ ಸಂಚಿ ತೆಗೆದುಕೊಂಡು ಹೋದೆ. ಜಗಲಿಯಲ್ಲಿ ಚಿನ್ನಮ್ಮ ರಾಗಿ ಕೇರುತ್ತಿದ್ದಳು. ಸಂಚಿ ನೋಡಿ ಮುಖ ಅರಳಿತು. "ಅಯ್ಯೋ, ನಮ್ಮವ್ವಂದು. ನಿಮ್ಗೆಲ್ಲಿ ಸಿಕ್ತು?"

"ಚಿನ್ನಮ್ಮ, ಹುಳ ಸತ್ತಿದ್ದು ನನ್ನಿಂದ."

"ಅದ್ಯಾಕೆ ಹಂಗಂತೀರಿ. ಸಮಾಧಾನಕ್ಕೆ ಹೇಳ್ತೀರಿ ನೀವು."

ಎಲ್ಲ ಹೇಳಿದೆ. ಕಷಾಯ, ಕಾಲು ಕೆಜಿ ಹೊಗೆಸೊಪ್ಪು, ಅವರು ಮಾಗಡಿಗೆ ಹೋದ ದಿನ, ಗಾಳಿ, ಬೇಲಿ ಪಕ್ಕದ ಎರಡು ಸಾಲು. ನೋಡಿಯೂ ಸುಮ್ಮನಿದ್ದದ್ದು. ಮೊರ ನಿಂತಿತು. ಚಿನ್ನಮ್ಮ ಮೊರವನ್ನು ಕೆಳಗಿಟ್ಟು ಕೈ ನೋಡಿಕೊಂಡಳು. ಮುಂದೆ ನೋಡಿದಳು, ತಿರುಗಿಸಿ ಹಿಂದೆ ನೋಡಿದಳು.

"ಹಂಗಾದ್ರೆ ನನ್ ಕೈಯಲ್ಲ" ಎಂದಳು.

ಬೈಗುಳಕ್ಕೆ ಸಿದ್ಧಳಾಗಿ ಬಂದಿದ್ದೆ. ಇದಕ್ಕೆ ಸಿದ್ಧಳಾಗಿರಲಿಲ್ಲ.

ಒಳಗೆ ತಿರುಗಿ ಕೂಗಿದಳು, "ಭಾನೂ, ನನ್ ಕೈಯಲ್ಲ ಕಣೇ. ನನ್ ಕೈಯಲ್ವಂತೆ." ಆಮೇಲೆ ಸೆರಗಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಭಾನು ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು.

ಅಳು ನಿಂತ ಮೇಲೆ ಚಿನ್ನಮ್ಮ ಕೇಳಿದಳು. ದನಿ ಏರಲಿಲ್ಲ.

"ಇದ್ರೀಸಣ್ಣ ಕೇಳ್ದಾಗ ನೀವು ಇಲ್ಲೇ ನಿಂತಿದ್ರಿ."

"ಹೌದು."

"ನಾನೇ ನಿಮ್ ಪರವಾಗಿ ಹೇಳ್ದೆ."

"ಹೌದು."

"ಇಪ್ಪತ್ತು ದಿನ ನೋಡ್ತಾ ಇದ್ರಿ. ನೆನ್ನೆ ಸೋಪು ಬ್ಯಾರೆ ಕೊಟ್ರಿ."

ಚಿನ್ನಮ್ಮ ಸಂಚಿ ಎತ್ತಿಕೊಂಡು ಸೊಂಟಕ್ಕೆ ಸಿಕ್ಕಿಸಿದಳು. ಎದ್ದಳು.

"ಸರಳವಾಗಿರ್ಬೇಕು ಅಂತ ಬಂದ್ರಿ. ಬನ್ನಿ ಅಂದ್ವಿ. ನಮ್ ಕಲ್ಲು ಕೊಟ್ವಿ, ಗಂಜ್ಲ ಕೊಟ್ವಿ, ಹೆಂಚೂ ಕೊಡ್ತಿದ್ವಿ. ನಿಮ್ಗೆ ಬ್ಯಾಸ್ರಾದ್ರೆ ಬೆಂಗ್ಳೂರೈತೆ. ನಮ್ಗೆ ಇದೊಂದೇ ಕಣಮ್ಮ ಇರೋದು. ಇದ್ರ ಪಕ್ಕದಲ್ಲಿ ಬಂದು ನೀವು ಆಟ ಆಡುದ್ರಿ."

ಸಂಚಿಯನ್ನು ಗೂಟಕ್ಕೆ ನೇತುಹಾಕಿ ಒಳಗೆ ಹೋದಳು. ಹುಳದ ಮನೆಯ ಬಾಗಿಲು ತೆಗೆದ ಸದ್ದು ಕೇಳಿಸಿತು.

14 ಫೆಬ್ರವರಿ, ಶುಕ್ರವಾರ

ರಾತ್ರಿ ಶಿಫ್ಟು ಮುಗಿಸಿ ಬೆಳಿಗ್ಗೆ ಪ್ರಕಾಶನೇ ಬಂದ. ಚೆಕ್ ಬರೆದಿಟ್ಟಿದ್ದೆ. ಹೋದ ಸಲದ ಬೆಳೆಗೆ ಬಂದಷ್ಟು. ಬರೆಯುವಾಗ ಗೊತ್ತಾಯಿತು, ಅವರ ಇಡೀ ಮನೆ ಜಗಲಿಯಲ್ಲಿ ಮಲಗಿ ಬೆಳೆದದ್ದು ನನ್ನ ಫ್ಲಾಟಿನ ಒಂದು ತಿಂಗಳ ಬಾಡಿಗೆಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಕೊಟ್ಟರೆ ನನ್ನ ಊಟದಲ್ಲಿ ಒಂದು ತುತ್ತೂ ಕಡಿಮೆಯಾಗುವುದಿಲ್ಲ. ಕಷ್ಟವಾಗಿದ್ದರೆ ಚೆನ್ನಾಗಿತ್ತು.

"ಅವ್ವ ಬ್ಯಾಡ ಅಂತು. ನಾನು ಇಸ್ಕತೀನಿ" ಎಂದ ಪ್ರಕಾಶ. ಮಡಚಿ ಜೇಬಿಗಿಟ್ಟ. ಹೋಗಲಿಲ್ಲ. "ಮೇಡಂ, ಇದು ಬೆಳೇದಾಯ್ತು. ಅವ್ವಂಗೆ ಅಷ್ಟೆಲ್ಲ ಅಂದ್ನಲ್ಲ ನಾನು, ಅದುನ್ನ ಯಾವ್ ಚೆಕ್ಕಲ್ಲಿ ಕೊಡ್ತೀರಿ?"

ಗೇಟು ಹಾಕಿಕೊಂಡು ಹೋದ. ಮಧ್ಯಾಹ್ನ ಇದ್ರೀಸರ ಟೆಂಪೋ ಬಂತು. ಚಿನ್ನಮ್ಮನೇ ಎದುರು ಹೋಗಿ ತಟ್ಟೆ ಇಳಿಸಿಕೊಂಡಳು. ಇದ್ರೀಸ್ ನನ್ನ ಬೇಲಿಯ ಕಡೆ ಒಮ್ಮೆ ನೋಡಿದರು. ನಮಸ್ಕಾರ ಇಲ್ಲ.

16 ಫೆಬ್ರವರಿ

ಯಾರೂ ಮಾತಾಡುವುದಿಲ್ಲ. ಎರಡು ದಿನದಿಂದ ಬೇಲಿಯಾಚೆಯಿಂದ ಒಂದು ಮಾತಿಲ್ಲ. ಬೈದರೆ ಎಷ್ಟೋ ವಾಸಿ. ಹಾಲು ತರಲು ಡೈರಿಗೆ ನಡೆದು ಹೋಗಿದ್ದೆ, ಅಲ್ಲಿಯೂ ಸುದ್ದಿ ಹಬ್ಬಿದೆ. ಕ್ಯೂನಲ್ಲಿ ನನ್ನ ಹಿಂದೆ ಮುಂದೆ ಜಾಗ ಬಿಟ್ಟು ನಿಂತರು.

ಮಹೇಂದ್ರ: "ಕಾರು ಕಳಿಸ್ತೀನಿ. ಸಾಕು, ಬಂದುಬಿಡು."

ಸೂಟ್‌ಕೇಸ್ ತೆಗೆದೆ. ಎರಡು ಸೀರೆ ಇಟ್ಟೆ. ಚಿನ್ನಮ್ಮ ಅಂದಂತೆಯೇ ಆಯಿತಲ್ಲ, ಬೇಸರವಾದರೆ ಬೆಂಗಳೂರು. ಎರಡು ಸೀರೆಯನ್ನೂ ವಾಪಸ್ ತೆಗೆದಿಟ್ಟೆ. ಆದರೆ ಇಲ್ಲಿ ಉಳಿದು ಮಾಡುವುದೇನು? ಇದ್ದರೆ ಅವರ ಕಣ್ಣಿಗೆ ಮುಳ್ಳು, ಹೋದರೆ ಅವಳ ಮಾತು ನಿಜ. ಮಹೇಂದ್ರನಿಗೆ ಮಂಗಳವಾರ ಹೇಳುತ್ತೇನೆ ಎಂದೆ.

ಅವರೆ ಗಿಡ ಕಿತ್ತು ಹಾಕಿದೆ. ಬೇಲಿಯಿಂದ ನಾಲ್ಕು ಸಾಲು ಖಾಲಿ ಬಿಟ್ಟಿದ್ದೇನೆ.

18 ಫೆಬ್ರವರಿ, ಮಂಗಳವಾರ. ಬೆಳಿಗ್ಗೆ 7.10

ಭಾನು ಬಂದಿದ್ದಳು. ಅಂಗಳಕ್ಕೆ ಬರಲಿಲ್ಲ, ಗೇಟಿನಾಚೆಯೇ ನಿಂತು ಕರೆದಳು. "ಮೇಡಂ."

ಓಡಿ ಹೋದೆ. ಚಪ್ಪಲಿ ಹಾಕಿಕೊಂಡೆನೋ ಇಲ್ಲವೋ.

"ಸೊಪ್ಪು ಕೊಯ್ಯಕ್ಕೆ ಆಳು ಬಂದಿಲ್ಲ. ಮೇಲಿನ ಹೊಲಕ್ಕೆ ಬರ್ಬೇಕಂತೆ ನೀವು. ಮಧ್ಯಾಹ್ನದ್ ಗಂಟ. ಹುಳ ಹಣ್ಣಾಗಿ ಗೂಡು ಕಟ್ಟೋವರ್ಗೂ ದಿನಾ."

"ಚಿನ್ನಮ್ಮ ಹೇಳಿದಳಾ... ಚಿನ್ನಮ್ಮನವರು ಹೇಳಿದರಾ?"

"ಹೂಂ. ಕೂಲಿ ಕೊಡಾಕಿಲ್ವಂತೆ." ಅದನ್ನು ಹೇಳುವಾಗ ನಗು ಬಂತೇನೋ ಎಂದು ನೋಡಿದೆ. ಇಲ್ಲ. ಸೆರಗಿನ ಗಂಟು ಬಿಚ್ಚಿ ಏನೋ ತೆಗೆದು ಗೇಟಿನ ಕಂಬದ ಮೇಲೆ ಇಟ್ಟಳು. ನನ್ನ ಬೇವಿನ ಸೋಪು. ಒಂದು ಮೂಲೆಯಷ್ಟೇ ಸವೆದಿತ್ತು.

"ಅತ್ತೆ ಕೊಟ್ಕಳ್ಸವ್ರೆ. ಇದ್ರಲ್ಲೇ ಕೈ ತೊಳ್ಕೊಂಡು ಬರ್ಬೇಕಂತೆ. ಮೂಸಿ ನೋಡ್ತಾರಂತೆ."

ಮಹೇಂದ್ರನಿಗೆ ಬೇಡ ಎಂದು ಮೆಸೇಜ್ ಹಾಕಿದೆ. ಕಾಫಿ ಆಮೇಲೆ. ತೊಟ್ಟಿ ಹತ್ತಿರ ಕೂತು ಮೂರು ಸಲ ತೊಳೆದೆ, ಮೊಣಕೈವರೆಗೆ. ಉಗುರಿನ ಸಂದಿ ಕಡ್ಡಿಯಿಂದ ತೆಗೆದೆ. ಪಂಪು ಹಿಡಿದು ತಿಂಗಳಾಗುತ್ತ ಬಂತು, ಏನೂ ಉಳಿದಿರಲು ಸಾಧ್ಯವಿಲ್ಲ. ಆದರೂ ಬಲಗೈ ಮೂಸಿದರೆ... ಬೇಲಿಯಾಚೆ ಕುಡುಗೋಲು ಮಸೆಯುವ ಸದ್ದು. ಕಾಯುತ್ತಿದ್ದಾರೆ. ಇನ್ನೊಂದು ಸಲ ತೊಳೆದು ಹೊರಡುತ್ತೇನೆ.